ಕೆಲಸ ಸಿಕ್ಕಿತ್ತು, ಮಾಡಲು ಕೆಲಸವಿರಲಿಲ್ಲ

ಹನ್ನೊಂದು ವರ್ಷದ ಹಿಂದಿನ ಮಾತು. ಶಿವಮೊಗ್ಗದ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಊಟಕ್ಕೂ ಪುರುಸೊತ್ತಿಲ್ಲದೆ ದುಡಿಯುತ್ತಿದ್ದವನು ನಾನು. ದುಬೈಗೆ ಬಂದು ಹೊಸ ಆಸ್ಪತ್ರೆಗೆ ಸೇರಿದ ದಿನ, ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಹಾಜರಾದೆ. ಮೂಲೆಯಲ್ಲಿದ್ದ ಸ್ಟೂಲ್ ತೋರಿಸಿ, "ಸ್ವಲ್ಪ ಕೂತಿರಿ" ಎಂದರು. ಆ 'ಸ್ವಲ್ಪ' ಮೂರು ವಾರವಾಯಿತು.

ಡೇಟಾಫ್ಲೋ ಪರಿಶೀಲನೆ, ಪರೀಕ್ಷೆ ಎಲ್ಲ ಬರುವ ಮೊದಲೇ ಮುಗಿದಿತ್ತು. ಆದರೆ ಅರ್ಹತಾ ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಇಲ್ಲಿ ಔಷಧ ಕೊಡುವಂತಿಲ್ಲ. ಕೆಲಸ ಕೊಟ್ಟ ಆಸ್ಪತ್ರೆಯ ಮೂಲಕ ಲೈಸೆನ್ಸ್ ಚಾಲ್ತಿಗೆ ಬರಬೇಕು. ಅಲ್ಲಿಯವರೆಗೆ ಕಂಪ್ಯೂಟರಿಗೆ ಪಾಸ್‌ವರ್ಡ್ ಇಲ್ಲ, ಕೌಂಟರಿಗೆ ಹೋಗುವಂತಿಲ್ಲ. ರೋಗಿಯ ಸುರಕ್ಷತೆಗೆ ಬೇಕಾದ ನಿಯಮವೇ ಅದು. ಆದರೆ ಇದನ್ನು ಆಗ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸಹೋದ್ಯೋಗಿಗಳು ಕೆಟ್ಟವರೇನಲ್ಲ. ಕೆಲವರು ಮಲಯಾಳದಲ್ಲಿ, ಕೆಲವರು ಅರಬ್ಬಿಯಲ್ಲಿ ಮಾತಾಡಿಕೊಂಡು ತಮ್ಮ ಪಾಡಿಗೆ ಓಡಾಡುತ್ತಿದ್ದರು. ಊಟಕ್ಕೆ ಗುಂಪಾಗಿ ಹೊರಟಾಗ ನನ್ನನ್ನು ಕರೆಯಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. 'ಡಿಪ್ಲೊಮಾದವನು ಅಂತ ತಾತ್ಸಾರವೇ? ಬೇಡವಾದವನನ್ನು ಕರೆಸಿಕೊಂಡರೇ?' ಎಂದು ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ. ಇಲ್ಲಿ ಪ್ರೊಬೇಷನ್ 6 ತಿಂಗಳವರೆಗೂ ಇರಬಹುದು. ವಾಪಸ್ ಕಳಿಸಿದರೆ? ಪರೀಕ್ಷೆಯ ಶುಲ್ಕಕ್ಕೆಂದು ಅಮ್ಮನ ಬಳೆ ಅಡವಿಟ್ಟಿದ್ದೆವು.

ರಾತ್ರಿ ರೂಮಿನಿಂದ ಫೋನ್ ಮಾಡಿದಾಗ, "ತುಂಬಾ ಕೆಲಸ ಅಮ್ಮ" ಎಂದು ಸುಳ್ಳು ಹೇಳುತ್ತಿದ್ದೆ. ಎಂಟನೆಯ ದಿನ ತಡೆಯಲಾಗಲಿಲ್ಲ. ಇದ್ದದ್ದು ಹೇಳಿಬಿಟ್ಟೆ. ಅಮ್ಮ ನಕ್ಕು, "ಹೊಸ ಸೊಸೆ ಕೈಗೆ ಬಂದ ದಿನವೇ ಸೌಟು ಕೊಡ್ತಾರೇನೋ? ಡಬ್ಬಿ ಎಲ್ಲೆಲ್ಲಿದೆ ಅಂತ ನೋಡ್ಕೊ ಮೊದಲು" ಎಂದರು.

ಮರುದಿನ ಮುಖ್ಯಸ್ಥೆಯ ಹತ್ತಿರ ನಾನೇ ಹೋದೆ. ಈಜಿಪ್ಟಿನ ಹಿರಿಯ ಮಹಿಳೆ. "ಡಾಕ್ಟರ್, ಔಷಧ ಮುಟ್ಟದೆ ನಾನು ಮಾಡಬಹುದಾದ ಕೆಲಸ ಏನಿದೆ?" ಎಂದೆ. ಅವರು ಗಾಬರಿಯಿಂದಲೇ, "ನಿಮಗೆ ಯಾರೂ ಏನೂ ಹೇಳಿಲ್ಲವೇ?" ಎಂದು ಕೇಳಿದರು. ಲೈಸೆನ್ಸ್ ವಿಷಯ ವಿವರಿಸಿ, ಓದಲು ಔಷಧಗಳ ಪಟ್ಟಿ ಕೊಟ್ಟರು. ಅಂದಿನಿಂದ ಪುಟ್ಟ ನೋಟ್‌ಬುಕ್ ಹಿಡಿದು ಕಪಾಟುಗಳನ್ನು ಓದತೊಡಗಿದೆ. ಊರಿನಲ್ಲಿ ಪರಿಚಿತವಾಗಿದ್ದ ಬ್ರಾಂಡ್ ಹೆಸರುಗಳು ಇಲ್ಲಿ ಬೇರೆ. ನಾವು ಡೋಲೋ, ಕ್ರೋಸಿನ್ ಎನ್ನುವುದಕ್ಕೆ ಇಲ್ಲಿಯವರು ಪನಡಾಲ್ ಎನ್ನುತ್ತಾರೆ. ಒಳಗಿರುವುದು ಅದೇ ಪ್ಯಾರಸಿಟಮಾಲ್. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿ. ಎಕ್ಸ್‌ಪೈರಿ ಹತ್ತಿರವಿದ್ದದ್ದು ಮುಂದೆ. ಇವೆಲ್ಲ ಗೊತ್ತಿದ್ದದ್ದೇ, ಜಾಗ ಮಾತ್ರ ಹೊಸದು.

ಒಂದು ದಿನ ಹೈಡ್ರಾಲಜೀನ್ ಮತ್ತು ಹೈಡ್ರಾಕ್ಸಿಜೀನ್ ಡಬ್ಬಿಗಳು ಅಕ್ಕಪಕ್ಕ ಇದ್ದದ್ದು ಕಂಡಿತು. ಒಂದು ರಕ್ತದೊತ್ತಡಕ್ಕೆ, ಇನ್ನೊಂದು ತುರಿಕೆಗೆ. ಹೆಸರು ಹತ್ತಿರ, ಅವಸರದಲ್ಲಿ ಕೈ ತಪ್ಪುವುದು ಸುಲಭ. ಮುಖ್ಯಸ್ಥೆಗೆ ತೋರಿಸಿದೆ. ಅವರು ಮಾತಾಡದೆ ಒಂದನ್ನು ಬೇರೆ ಸಾಲಿಗೆ ಸರಿಸಿ, ಎಚ್ಚರಿಕೆಯ ಚೀಟಿ ಅಂಟಿಸಿದರು. ಆಮೇಲೆ ನನ್ನ ಹೆಸರು ಕೇಳಿ, ಸರಿಯಾಗಿ ಉಚ್ಚರಿಸಲು ಕಲಿತರು. ಮಧ್ಯಾಹ್ನ ಊಟಕ್ಕೂ ಕರೆದರು. ಎರಡು ವಾರದಲ್ಲಿ ಲೈಸೆನ್ಸ್ ಬಂತು. ಆಮೇಲೆ ಇಂದಿನವರೆಗೆ ಆ ಸ್ಟೂಲಿನ ಮೇಲೆ ಕೂರಲು ಪುರುಸೊತ್ತಾಗಿಲ್ಲ.

ಹೊಸದಾಗಿ ಬರುವ ತಮ್ಮ ತಂಗಿಯರೇ, ಆಸ್ಪತ್ರೆಯಿರಲಿ, ಆಫೀಸಿರಲಿ, ಸೈಟಿರಲಿ, ಮೊದಲ ದಿನಗಳಲ್ಲಿ ಸುಮ್ಮನೆ ಕೂರಿಸಿದರೆ ನಿಮ್ಮ ಯೋಗ್ಯತೆಯನ್ನು ಅಳೆದರು ಎಂದುಕೊಳ್ಳಬೇಡಿ. ಕಾಗದ ಬಾಕಿ ಇರಬಹುದು, ಹೇಳಬೇಕಾದವರು ರಜೆಯಲ್ಲಿರಬಹುದು. ಯಾತಕ್ಕೆ ಕಾಯುತ್ತಿದ್ದೇನೆ, ಎಷ್ಟು ದಿನ, ಈ ದಿನಗಳ ಸಂಬಳವೇನು ಎಂಬ ಮೂರನ್ನೂ ನೇರವಾಗಿ ಕೇಳಿ. ಅನುಮತಿ ಬರುವ ಮೊದಲು, ಯಾರೇ ಹೇಳಿದರೂ, ಅನುಮತಿ ಬೇಕಾದ ಕೆಲಸಕ್ಕೆ ಕೈಹಾಕಬೇಡಿ.

ಹಳಬರಿಗೂ ಒಂದು ಮಾತು. ಕಳೆದ ವರ್ಷ ನಮ್ಮ ವಿಭಾಗಕ್ಕೆ ಹಾವೇರಿ ಕಡೆಯ ಹುಡುಗನೊಬ್ಬ ಬಂದ. ಅದೇ ಮೂಲೆಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಹತ್ತಿರ ಹೋಗಿ, "ಊಟ ಆಯ್ತೇನಪ್ಪಾ?" ಎಂದೆ. ಅವನ ಕಣ್ಣು ತುಂಬಿತು. ಅಷ್ಟು ಕೇಳಲು ನನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.