ಅಗ್ಗದ ಕೋಣೆ, ಅದೇ ಕಡಲು: ಮಾಲ್ಡೀವ್ಸ್ ಬಗ್ಗೆ ನಾವು ನಂಬಿರುವುದೆಷ್ಟು ನಿಜ?

ಮಾಲ್ಡೀವ್ಸ್‌ಗೆ ಹೋಗುವ ಆಸೆ ಹೇಳಿಕೊಂಡರೆ ನಮ್ಮಲ್ಲಿ ಥಟ್ಟನೆ ಸಿಗುವ ಉತ್ತರ, ‘ಅದೆಲ್ಲ ಸಿನಿಮಾದವರಿಗೆ ಕಣ್ರೀ!’ ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ವಿಲ್ಲಾ, ಒಂದು ರಾತ್ರಿಗೆ ಮಧ್ಯಮ ವರ್ಗದ ಒಂದು ತಿಂಗಳ ಸಂಬಳ. ಈ ನಂಬಿಕೆಗೆ ಕಾರಣವಿದೆ. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದ ಮೇಲೆ, ದಶಕಗಳ ಕಾಲ ಅಲ್ಲಿನ ಪ್ರವಾಸೋದ್ಯಮ ನಡೆದದ್ದೇ ಒಂದು ಗೆರೆ ಎಳೆದುಕೊಂಡು: ಜನವಸತಿಯಿಲ್ಲದ ದ್ವೀಪಗಳು ಪ್ರವಾಸಿಗರಿಗೆ, ಊರಿರುವ ದ್ವೀಪಗಳು ಊರಿನವರಿಗೆ. 2009ರ ನಂತರ ಆ ಗೆರೆ ಅಳಿಸಿತು. ಊರುಗಳಿರುವ ದ್ವೀಪಗಳಲ್ಲೂ ಗೆಸ್ಟ್ ಹೌಸ್ ನಡೆಸಲು ದಾರಿ ತೆರೆಯಿತು. ಅದಕ್ಕೂ ಮುಂಚೆ ಜೈಲಿನಿಂದಾಗಿಯೇ ಹೆಸರಾಗಿದ್ದ ಮಾಫುಶಿ ದ್ವೀಪದಲ್ಲಿ ಇವತ್ತು ಬೀದಿ ಬೀದಿಗೂ ಗೆಸ್ಟ್ ಹೌಸ್. ಜನವಸತಿ ಇರುವ ಸುಮಾರು 190 ದ್ವೀಪಗಳಲ್ಲಿ ಬಹಳಷ್ಟು ಕಡೆ ಈಗ ರೆಸಾರ್ಟ್ ಬೆಲೆಯ ಒಂದು ಸಣ್ಣ ಪಾಲಿಗೆ ಶುಭ್ರವಾದ ಕೋಣೆ, ಬೆಳಗಿನ ತಿಂಡಿ ಸಿಗುತ್ತವೆ. ಭಾರತೀಯರಿಗೆ ವೀಸಾಕ್ಕೆ ಮುಂಚೆಯೇ ಅರ್ಜಿ ಹಾಕುವ ಗೋಜೂ ಇಲ್ಲ, ಅಲ್ಲಿ ಇಳಿದ ಮೇಲೆ ಉಚಿತವಾಗಿ ಕೊಡುತ್ತಾರೆ. ಕೋಣೆ ಕಾಯ್ದಿರಿಸಿದ ಪತ್ರ, ಹಿಂದಿರುಗುವ ಟಿಕೆಟ್ ಕೈಯಲ್ಲಿರಬೇಕು, ಹೊರಡುವ ಮುನ್ನ ಆನ್‌ಲೈನ್ ಘೋಷಣೆ ತುಂಬಿರಬೇಕು.

ಇದನ್ನು ಕೇಳಿದವರು ಇನ್ನೊಂದು ತುದಿಗೆ ಹಾರುತ್ತಾರೆ. ‘ಹಾಗಾದರೆ ಗೋವಾ ಖರ್ಚಿನಲ್ಲೇ ಮುಗಿಯುತ್ತದೆ ಬಿಡಿ!’ ಮುಗಿಯುವುದಿಲ್ಲ. ಜಾಲತಾಣದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಬೆಲೆ ಹಲವು ಸಲ ಬರೀ ಕೋಣೆಯದ್ದು. ಅದರ ಮೇಲೆ ಶೇ 10ರಷ್ಟು ಸೇವಾ ಶುಲ್ಕ, 2025ರ ಜುಲೈಯಿಂದ ಶೇ 17ರ ಪ್ರವಾಸೋದ್ಯಮ ಜಿಎಸ್‌ಟಿ, ಜೊತೆಗೆ ಹಸಿರು ತೆರಿಗೆ. 2025ರ ಜನವರಿಯಿಂದ ಸಣ್ಣ ಗೆಸ್ಟ್ ಹೌಸ್‌ಗಳಲ್ಲಿ ಹಸಿರು ತೆರಿಗೆ ತಲೆಗೆ, ಒಂದು ರಾತ್ರಿಗೆ 6 ಡಾಲರ್. ಕೋಣೆಗಲ್ಲ, ತಲೆಗೆ ಎಂಬುದನ್ನು ಗಮನಿಸಿ. ಇದಕ್ಕಿಂತ ದೊಡ್ಡ ಹೊಡೆತ ದೋಣಿಯದ್ದು. ವಿಮಾನ ನಿಲ್ದಾಣದಿಂದ ದ್ವೀಪ ದೂರವಾದಷ್ಟೂ ಸ್ಪೀಡ್ ಬೋಟ್ ಟಿಕೆಟ್ ಏರುತ್ತದೆ, ಕೆಲವು ದ್ವೀಪಗಳಿಗಂತೂ ದೇಶದೊಳಗಿನ ವಿಮಾನವೇ ಗತಿ. ಊರಿನ ಜನ ಬಳಸುವ ಸರ್ಕಾರಿ ಫೆರಿ ತುಂಬ ಅಗ್ಗ. ಆದರೆ ಹಲವು ಕಡೆ ನಿಧಾನ, ಎಲ್ಲ ದ್ವೀಪಗಳಿಗೂ ದಿನಾ ಇರುವುದಿಲ್ಲ, ಶುಕ್ರವಾರವಂತೂ ಹೆಚ್ಚಿನ ಕಡೆ ರಜೆ. ಗುರುವಾರ ರಾತ್ರಿ ರಾಜಧಾನಿ ಮಾಲೆಗೆ ಬಂದಿಳಿದು, ಮರುದಿನ ಬೆಳಿಗ್ಗೆ ಫೆರಿಗೆ ಹೋಗುತ್ತೇನೆಂದು ಲೆಕ್ಕ ಹಾಕಿದವರ ಲೆಕ್ಕ ಅಲ್ಲಿಗೇ ತಪ್ಪುತ್ತದೆ. ಆದ್ದರಿಂದ ವಿಮಾನ ಟಿಕೆಟ್‌ಗಿಂತ ಮೊದಲು ದೋಣಿಯ ವೇಳಾಪಟ್ಟಿ ನೋಡಿ.

ನನಗೆ ಅತ್ಯಂತ ಮುಖ್ಯವೆನಿಸುವ ತಪ್ಪು ಕಲ್ಪನೆ ಬೇರೆಯೇ ಇದೆ. ಕಡಿಮೆ ದುಡ್ಡು ಕೊಟ್ಟವರಿಗೆ ಕಡಿಮೆ ಪ್ರಕೃತಿ, ಒಳ್ಳೆಯ ಹವಳ, ಒಳ್ಳೆಯ ಮೀನು ಎಲ್ಲ ರೆಸಾರ್ಟ್‌ನವರ ಪಾಲಿಗೆ ಎಂಬುದು. ಬಾ ಅಟಾಲ್ ಎಂಬ ಹವಳ ದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಯನ್ನೇ ನೋಡಿ. 2011ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಎಂದು ಗುರುತಿಸಿದ ಪ್ರದೇಶ ಅದು. ಮಾಂಟಾ ರೇಗಳು, ಅಂದರೆ ನಮ್ಮ ಕರಾವಳಿಯ ತೊರಕೆಯ ದೈತ್ಯ ನೆಂಟರು, ಜಗತ್ತಿನಲ್ಲೇ ಅತಿ ದೊಡ್ಡ ಗುಂಪುಗಳಲ್ಲಿ ಸೇರುವ ಜಾಗಗಳಲ್ಲೊಂದು. ಈ ಕೊಲ್ಲಿಗೆ ಹತ್ತಿರದ ಊರು ಧರವಂದೂ. ಅಲ್ಲಿ ಗೆಸ್ಟ್ ಹೌಸ್‌ಗಳಿವೆ, ಪುಟ್ಟ ವಿಮಾನ ನಿಲ್ದಾಣವೂ ಇದೆ. ಸುತ್ತಲಿನ ದುಬಾರಿ ರೆಸಾರ್ಟ್‌ಗಳ ಅತಿಥಿಗಳೂ ದೋಣಿ ಹತ್ತಿ ಇದೇ ಕೊಲ್ಲಿಗೆ ಬರಬೇಕು. ನೀರಿಗಿಳಿದ ಮೇಲೆ ನಿಯಮವೂ ಎಲ್ಲರಿಗೂ ಒಂದೇ: ಪ್ರವೇಶ ಶುಲ್ಕ, ಪರವಾನಗಿ ಪಡೆದ ಗೈಡ್, 45 ನಿಮಿಷದ ಮಿತಿ. ಸ್ಕೂಬಾ ನಿಷಿದ್ಧ, ಸ್ನಾರ್ಕೆಲ್ ಮಾತ್ರ.

ದಕ್ಷಿಣ ಅರಿ ಅಟಾಲ್‌ನ ಧಿಗುರಾ ಕೂಡ ಹೀಗೆಯೇ. ಮೂರು ಕಿಲೋಮೀಟರ್ ಉದ್ದದ ಕಿರಿದಾದ ಈ ದ್ವೀಪದ ಪಕ್ಕದಲ್ಲೇ 2009ರಲ್ಲಿ ಘೋಷಿಸಿದ ಸಂರಕ್ಷಿತ ಕಡಲಿದೆ. ಮೀನುಗಳಲ್ಲೇ ದೊಡ್ಡದಾದ ವೇಲ್ ಶಾರ್ಕ್ ಅಲ್ಲಿ ವರ್ಷವಿಡೀ ಸುಳಿದಾಡುತ್ತದೆ. ಹೆಚ್ಚಿನವು ಇನ್ನೂ ಬೆಳೆಯುತ್ತಿರುವ ಗಂಡು ಮೀನುಗಳು. ವರ್ಷವಿಡೀ ಇರುತ್ತವೆ ಎಂದ ಮಾತ್ರಕ್ಕೆ ನೀವು ಹೋದ ದಿನ ಕಂಡೇ ಕಾಣುತ್ತವೆ ಎಂದಲ್ಲ. ‘ನೂರಕ್ಕೆ ನೂರು ತೋರಿಸುತ್ತೇವೆ’ ಎನ್ನುವ ದೋಣಿಯವರಿಗಿಂತ, ಕಾಣದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವವರನ್ನು ನಾನು ಹೆಚ್ಚು ನಂಬುತ್ತೇನೆ. ಮೀನಿನ ಮೈಯಿಂದ ಮೂರು ಮೀಟರ್ ದೂರ ಇರಿ, ಮುಟ್ಟಬೇಡಿ, ಫ್ಲಾಶ್ ಹಾಕಬೇಡಿ ಎಂದು ಇಳಿಯುವ ಮುನ್ನವೇ ಹೇಳುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಮಳೆಗಾಲಕ್ಕೆ ಹೆದರಿ ಟಿಕೆಟ್ ರದ್ದು ಮಾಡುವವರು ಕಳೆದುಕೊಳ್ಳುವುದು ಹನಿಫಾರುವಿನ ಮಾಂಟಾಗಳನ್ನೇ. ಮೇ ಹೊತ್ತಿಗೆ ಶುರುವಾಗುವ ನೈರುತ್ಯ ಮುಂಗಾರು, ನಮ್ಮ ಮಲೆನಾಡಿಗೆ ಮಳೆ ತರುವ ಅದೇ ಮಾರುತ, ಅಲ್ಲಿನ ಸಮುದ್ರದ ಹರಿವನ್ನು ಬದಲಿಸುತ್ತದೆ. ತೀರಾ ಸಣ್ಣ ಜೀವಿಗಳ ರಾಶಿಯಾದ ಪ್ಲಾಂಕ್ಟನ್ ಆ ಹರಿವಿನೊಂದಿಗೆ ಬಂದು, ಒಂದು ಕಡೆ ಮುಚ್ಚಿಕೊಂಡಿರುವ ಹನಿಫಾರುವಿನಲ್ಲಿ ಸಿಕ್ಕಿಬೀಳುತ್ತದೆ. ಮಾಂಟಾಗಳು ಬರುವುದು ಆ ಊಟಕ್ಕೆ. ಹಾಗಾಗಿ ಜೂನ್‌ನಿಂದ ನವೆಂಬರ್ ಅಲ್ಲಿನ ಋತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಭರತದಲ್ಲಿ ಸಾಧ್ಯತೆ ಹೆಚ್ಚು. ನೀರು ತುಸು ಮಬ್ಬಾಗಿರುತ್ತದೆ, ದೋಣಿ ಕುಲುಕುತ್ತದೆ, ಕೋಣೆಯ ಬಾಡಿಗೆಯೂ ಇಳಿದಿರುತ್ತದೆ. ಸ್ಫಟಿಕದಂಥ ನೀರೇ ಬೇಕು, ಮಾಂಟಾ ಇಲ್ಲದಿದ್ದರೂ ಸರಿ ಎನ್ನುವವರು ಜನವರಿಯಿಂದ ಏಪ್ರಿಲ್ ನಡುವೆ ಹೋಗಲಿ.

ರಾತ್ರಿ ನೀಲಿಯಾಗಿ ಮಿನುಗುವ ವಾಧೂ ದ್ವೀಪದ ತೀರದ ಚಿತ್ರವನ್ನು ಫೋನಿನಲ್ಲಿ ನೋಡದವರು ಕಡಿಮೆ. ಆ ಬೆಳಕು ನಿಜ. ಅದನ್ನು ಹೊಮ್ಮಿಸುವುದು ಸಮುದ್ರದ ಸೂಕ್ಷ್ಮಜೀವಿಗಳು. ಆದರೆ ಅದು ಪ್ರತಿ ರಾತ್ರಿ ಹಚ್ಚುವ ದೀಪವಲ್ಲ, ವಾಧೂ ಒಂದರ ಸ್ವತ್ತೂ ಅಲ್ಲ. ಅದೊಂದಕ್ಕೆಂದೇ ದೂರದ ದ್ವೀಪದಲ್ಲಿ ಕೋಣೆ ಹಿಡಿಯಬೇಡಿ.

ಶಾರ್ಕ್ ಭಯದ ಬಗ್ಗೆ ಎರಡು ಮಾತು. ಮೊಣಕಾಲುದ್ದದ ನೀರಿನಲ್ಲಿ ಕಾಣುವ ಕಪ್ಪು ರೆಕ್ಕೆತುದಿಯ ಮರಿ ಶಾರ್ಕ್‌ಗಳು ನಿಮ್ಮನ್ನು ಕಂಡರೆ ತಾವೇ ಓಡುತ್ತವೆ. ಹೆದರಬೇಕಾದದ್ದು ಹವಳದ ದಿಬ್ಬಗಳ ನಡುವಿನ ಕಾಲುವೆಯ ಸೆಳೆತಕ್ಕೆ. ಅದು ಈಜು ಬಲ್ಲವರನ್ನೂ ಹೊರಕಡಲಿಗೆ ಎಳೆಯುತ್ತದೆ. ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ಗೆಸ್ಟ್ ಹೌಸ್‌ನವರನ್ನು ಕೇಳದೆ ಇಳಿಯಬೇಡಿ, ಲೈಫ್ ಜಾಕೆಟ್ ತೊಡಲು ನಾಚಬೇಡಿ. ಹವಳದ ಮೇಲೆ ಕಾಲೂರಬೇಡಿ. 1998 ಮತ್ತು 2016ರಲ್ಲಿ ಸಮುದ್ರ ಕಾದು, ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತಿತ್ತು. ಚೇತರಿಸಿಕೊಳ್ಳುತ್ತಿರುವ ಹವಳ ಒಂದು ಒದೆತಕ್ಕೆ ಮುರಿಯುತ್ತದೆ.

ಇನ್ನು ಉಡುಪು, ಮದ್ಯ. ರೆಸಾರ್ಟ್‌ನಲ್ಲಿ ನಡೆಯುವುದೆಲ್ಲ ಊರಿನ ದ್ವೀಪಗಳಲ್ಲೂ ನಡೆಯುತ್ತದೆ ಎಂದುಕೊಂಡವರೂ ತಪ್ಪು, ಈಜುಡುಗೆಯನ್ನೇ ತೊಡುವಂತಿಲ್ಲ ಎಂದುಕೊಂಡವರೂ ತಪ್ಪು. ಪ್ರವಾಸಿಗರಿರುವ ದ್ವೀಪಗಳಲ್ಲಿ ಸಾಮಾನ್ಯವಾಗಿ ಬಿಕಿನಿ ಬೀಚ್ ಎಂದು ಬೇರೆಯಾಗಿ ಗುರುತಿಸಿದ ತೀರವಿರುತ್ತದೆ. ಅಲ್ಲಿಂದ ಊರೊಳಗೆ ಕಾಲಿಟ್ಟರೆ ಭುಜ, ತೊಡೆ ಮುಚ್ಚುವ ಬಟ್ಟೆ ಬೇಕು. ಮಕ್ಕಳು ಶಾಲೆಗೆ ಹೋಗುವ, ಹಿರಿಯರು ಮಸೀದಿಗೆ ನಡೆಯುವ ಬೀದಿ ಅದು. ಊರಿನ ದ್ವೀಪಗಳಲ್ಲಿ ಮದ್ಯವಿಲ್ಲ, ಹೊರಗಿನಿಂದ ತರುವಂತೆಯೂ ಇಲ್ಲ. ನಮ್ಮವರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿ: ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ತರುವುದು ನಿಷಿದ್ಧ. ಪ್ರಯಾಣ ಸುಗಮವಾಗಲೆಂದು ಅಮ್ಮ ಬ್ಯಾಗಿಗೆ ಹಾಕಿಕೊಟ್ಟ ಪುಟ್ಟ ಗಣಪತಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

‘ಸಸ್ಯಾಹಾರಿಗಳು ಉಪವಾಸ ಬೀಳಬೇಕು’ ಎಂಬ ಮಾತೂ ಪೂರ್ತಿ ಸರಿಯಲ್ಲ. ಅನ್ನ, ಬೇಳೆ ಸಾರು, ಚಪಾತಿಯಂಥ ರೋಶಿ ಸಿಗುತ್ತವೆ. ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ. ಹೇಳದಿದ್ದರೆ ಮಾತ್ರ ಕಷ್ಟ. ತೆಂಗಿನ ತುರಿ, ಈರುಳ್ಳಿ ಕಂಡು ಪಲ್ಯವೆಂದು ಬಡಿಸಿಕೊಂಡ ಮಸ್ ಹುನಿಯಲ್ಲಿ ಟ್ಯೂನಾ ಮೀನಿರುತ್ತದೆ. ತರಕಾರಿ ದುಬಾರಿ ಏಕೆಂದು ಗೊಣಗುವ ಮುನ್ನ ಒಂದು ವಿಷಯ: ಮರಳು ನೆಲದ ಆ ದ್ವೀಪಗಳಲ್ಲಿ ಬೇಸಾಯ ಬಹಳ ಕಡಿಮೆ, ಈರುಳ್ಳಿ, ಆಲೂಗಡ್ಡೆ, ಅಕ್ಕಿ, ಬೇಳೆ ಹಡಗೇರಿ ಬರಬೇಕು. ಅದರಲ್ಲಿ ಒಂದು ಪಾಲು ಹೋಗುವುದು ಭಾರತದಿಂದಲೇ.

ಕುಡಿಯುವ ನೀರೂ ಅಷ್ಟೇ ಕಷ್ಟದ್ದು. ನದಿಯಿಲ್ಲ, ಮರಳಿನಡಿ ತೆಳುವಾಗಿ ನಿಂತ ಸಿಹಿನೀರು ಬೇಗ ಉಪ್ಪಾಗುತ್ತದೆ. ನಲ್ಲಿಯ ನೀರು ಬಹುತೇಕ ಕಡೆ ಸಮುದ್ರದ ಉಪ್ಪು ತೆಗೆದದ್ದು, ಆ ಯಂತ್ರ ತಿರುಗುವುದು ಹೆಚ್ಚಾಗಿ ಡೀಸೆಲ್‌ನಿಂದ. 2014ರ ಡಿಸೆಂಬರ್‌ನಲ್ಲಿ ಮಾಲೆಯ ಇಂಥ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಕಳಿಸಿತ್ತು. ಪುಟ್ಟ ದ್ವೀಪದಲ್ಲಿ ಕಸ ಸುರಿಯಲೂ ಜಾಗವಿಲ್ಲ. ಮನೆಯಿಂದಲೇ ಸ್ಟೀಲ್ ಬಾಟಲಿ ಒಯ್ಯಿರಿ, ಕುಡಿಯುವ ನೀರು ತುಂಬಿಕೊಡುವ ಗೆಸ್ಟ್ ಹೌಸ್ ಯಾವುದೆಂದು ಕೋಣೆ ಹಿಡಿಯುವಾಗಲೇ ಕೇಳಿ, ಖಾಲಿಯಾದ ಶಾಂಪೂ, ಸನ್‌ಸ್ಕ್ರೀನ್ ಡಬ್ಬಿಗಳನ್ನು ಬ್ಯಾಗಿನಲ್ಲಿ ಹಾಕಿಕೊಂಡು ವಾಪಸ್ ತನ್ನಿ.