ಕಾಳಿಂಗನ ಬೆನ್ನುಬಿದ್ದ ರೊಮುಲಸ್ ವಿಟೇಕರ್

ಟಿ.ವಿ.ಯಲ್ಲಿ ಹಾವು ಹಿಡಿದು ತೋರಿಸುವವರು ಬಹಳ ಮಂದಿ ಸಿಗುತ್ತಾರೆ. ಹಾವನ್ನೂ ಉಳಿಸಿ, ಹಾವು ಹಿಡಿದೇ ಹೊಟ್ಟೆ ಹೊರೆಯುತ್ತಿದ್ದವರ ಅನ್ನವನ್ನೂ ಉಳಿಸಿದವರು ಅಪರೂಪ. ಆಪ್ತರೆಲ್ಲ ‘ರೋಮ್’ ಎಂದೇ ಕರೆಯುವ ರೊಮುಲಸ್ ವಿಟೇಕರ್ ಆ ಅಪರೂಪದವರು.

1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಹಾವು ಹಿಡಿದು ಮನೆಗೆ ತಂದ. ತಾಯಿ ಡೋರಿಸ್ ಗದರಿಸಲಿಲ್ಲ, ಅವನ ಕುತೂಹಲಕ್ಕೆ ನೀರೆರೆದರು. ಡೋರಿಸ್ ಮುಂದೆ ಮದುವೆಯಾದದ್ದು ರಾಮ ಚಟ್ಟೋಪಾಧ್ಯಾಯರನ್ನು, ಅಂದರೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಮಗನನ್ನು. ಹಾಗಾಗಿ 1951ರಲ್ಲಿ ಹುಡುಗ ಬೊಂಬಾಯಿಗೆ ಬಂದಿಳಿದ. ಓದಿದ್ದು ಕೊಡೈಕೆನಾಲಿನಲ್ಲಿ, ಹಾಸ್ಟೆಲ್ ಮಂಚದ ಕೆಳಗೆ ಹೆಬ್ಬಾವು ಸಾಕಿಕೊಂಡು! ಹೆಚ್ಚಿನ ಓದಿಗೆಂದು ಅಮೆರಿಕಕ್ಕೆ ಹೋದರೂ ಅದು ಕೈಹತ್ತಲಿಲ್ಲ. ಮಯಾಮಿಯಲ್ಲಿ ಬಿಲ್ ಹಾಸ್ಟ್ ಅವರ ಹಾವಿನ ಕೇಂದ್ರದಲ್ಲಿ ಕೆಲಸ ಕಲಿತು 1967ರಲ್ಲಿ ಭಾರತಕ್ಕೆ ಮರಳಿದರು. ಮುಂದೆ ಇಲ್ಲಿನ ಪೌರತ್ವವನ್ನೂ ಪಡೆದರು.

ಆ ಕಾಲದಲ್ಲಿ ನಮ್ಮ ದೇಶದಿಂದ ಲಕ್ಷಗಟ್ಟಲೆ ಹಾವಿನ ಚರ್ಮ ಚೀಲ, ಬೆಲ್ಟು, ಚಪ್ಪಲಿಗಾಗಿ ಹೊರದೇಶಕ್ಕೆ ಹೋಗುತ್ತಿತ್ತು. ಹಾವು ಹಿಡಿದುಕೊಡುತ್ತಿದ್ದವರಲ್ಲಿ ತಮಿಳುನಾಡಿನ ಇರುಳ ಬುಡಕಟ್ಟಿನವರೇ ಮುಂದು. ದುಡ್ಡು ವ್ಯಾಪಾರಿಗೆ, ಚಿಲ್ಲರೆ ಕಾಸು ಇರುಳರಿಗೆ. 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ಹಿಂದೆಯೇ ಬಂದ ರಫ್ತು ನಿಷೇಧ ಹಾವುಗಳಿಗೆ ಜೀವದಾನ ಕೊಟ್ಟವು, ಇರುಳರ ಒಲೆ ಆರಿಸಿದವು. ಮದ್ರಾಸಿನಲ್ಲಿ ಹಾವಿನ ಉದ್ಯಾನ ಕಟ್ಟಿದ್ದ ವಿಟೇಕರ್‌ಗೆ ಈ ಜನ ಗೆಳೆಯರೂ ಹೌದು, ಗುರುಗಳೂ ಹೌದು. ಒಣಮಣ್ಣಿನ ಮೇಲಿನ ಗೀರು ನೋಡಿ ಯಾವ ಹಾವು ಯಾವ ಬಿಲ ಹೊಕ್ಕಿದೆ ಎಂದು ಹೇಳಬಲ್ಲ ಅವರ ವಿದ್ಯೆ ಹಾಳಾಗಬಾರದೆಂದು 1978ರಲ್ಲಿ ಇರುಳರ ಸಹಕಾರ ಸಂಘ ಹುಟ್ಟಿತು.

ಆ ಸಂಘದ ಕೆಲಸ ಹತ್ತಿರದಿಂದ ನೋಡುವಂಥದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನೇ ಹಿಡಿಯುತ್ತಾರೆ. ತಳಕ್ಕೆ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿ ಹಾವು ಬಿಟ್ಟು ಬಾಯಿಗೆ ಹತ್ತಿಬಟ್ಟೆ ಕಟ್ಟಿಡುತ್ತಾರೆ. ಗಾಜಿನ ಬಟ್ಟಲಿನ ಅಂಚಿಗೆ ಹಲ್ಲು ಒತ್ತಿಸಿ ವಿಷ ಇಳಿಸುತ್ತಾರೆ. ಕೆಲವು ವಾರ ಹೀಗೆ ವಿಷ ತೆಗೆದ ಮೇಲೆ, ಅದೇ ಹಾವನ್ನು ಮತ್ತೆ ಹಿಡಿಯದಂತೆ ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ದೇಶದ ಆಸ್ಪತ್ರೆಗಳಲ್ಲಿರುವ ಪ್ರತಿವಿಷದ ಬಹುಪಾಲಿಗೆ ಮೂಲ ಈ ಮಡಕೆಗಳೇ. ಈ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡಯ್ಯನ್ ಇಬ್ಬರೂ 2017ರಲ್ಲಿ ಹೆಬ್ಬಾವು ಹಿಡಿಯಲು ಅಮೆರಿಕದ ಫ್ಲಾರಿಡಾಕ್ಕೆ ಹೋಗಿಬಂದರು. 2018ರಲ್ಲಿ ವಿಟೇಕರ್‌ಗೆ ಪದ್ಮಶ್ರೀ ಬಂತು, 2023ರಲ್ಲಿ ಇವರಿಬ್ಬರಿಗೂ ಬಂತು. ನನ್ನ ಮಟ್ಟಿಗೆ ವಿಟೇಕರ್ ಬದುಕಿನ ದೊಡ್ಡ ಗಳಿಕೆ ಇದೇ.

1976ರಲ್ಲಿ ಮದ್ರಾಸಿನ ದಕ್ಷಿಣದ ಕಡಲ ದಂಡೆಯಲ್ಲಿ ಆಗಿನ ಹೆಂಡತಿ ಝಾಯಿ ವಿಟೇಕರ್ ಜೊತೆ ಮೊಸಳೆ ಬ್ಯಾಂಕ್ ಕಟ್ಟಿದರು. ಕ್ಯಾಮೆರಾದ ನಂಟು ಬೆಳೆದದ್ದು ಆಮೇಲೆ. ಕಾಳಿಂಗ ಸರ್ಪದ ಮೇಲೆ ನ್ಯಾಷನಲ್ ಜಿಯಾಗ್ರಫಿಕ್‌ಗಾಗಿ ಮಾಡಿದ ‘ದಿ ಕಿಂಗ್ ಅಂಡ್ ಐ’ ಚಿತ್ರಕ್ಕೆ 1998ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಹೆಂಡತಿ ಜಾನಕಿ ಲೆನಿನ್ ಜೊತೆಗೂಡಿಯೂ ಚಿತ್ರಗಳನ್ನು ಮಾಡಿದರು. ಹಾವು ತನ್ನ ಪಾಡಿಗೆ ಬೇಟೆಯಾಡುವುದನ್ನು, ಗೂಡು ಕಟ್ಟುವುದನ್ನು ಕಂಡ ಪ್ರೇಕ್ಷಕನ ಭಯ ತಾನಾಗಿ ಇಳಿಯುತ್ತದೆ. ಹೆಡೆಯ ಮುಂದೆ ಕೈಯಾಡಿಸಿ ಚಪ್ಪಾಳೆ ಗಿಟ್ಟಿಸುವ ಇಂದಿನ ಮೊಬೈಲ್ ವಿಡಿಯೊ ವೀರರು ಇದನ್ನು ಕಲಿಯಲೇಬೇಕು.

ಕಾಳಿಂಗನ ಸೆಳೆತವೇ ಅವರನ್ನು ನಮ್ಮ ಆಗುಂಬೆಗೆ ಕರೆತಂದದ್ದು. 1971ರಲ್ಲಿ ಮೊದಲ ಬಾರಿ ಕಾಡಿನ ಕಾಳಿಂಗ ಎದುರಾದದ್ದು ಇಲ್ಲಿಯೇ. 2005ರಲ್ಲಿ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿಯ ಹಣ ಕೈಗೆ ಬಂದಾಗ ಅದನ್ನು ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರಕ್ಕೆ ತೊಡಗಿಸಿದರು. ಕಾಳಿಂಗನಿಗೆ ಕೈಮುಗಿದು ದಾರಿ ಬಿಡುವ ಮಲೆನಾಡಿನ ಜನರ ನಡುವೆ ಆ ಕೇಂದ್ರ ನಿಂತದ್ದು ಸರಿಯಾಗಿಯೇ ಇದೆ. 2008ರಿಂದ ಕಾಳಿಂಗಗಳ ಮೈಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು, ಆಂಟೆನಾ ಹಿಡಿದು, ಜಿಗಣೆ ಕಚ್ಚಿಸಿಕೊಳ್ಳುತ್ತ ಯುವ ಸಂಶೋಧಕರು ಅವುಗಳ ಹಿಂದೆ ಅಲೆದರು. ಹೆಣ್ಣು ಕಾಳಿಂಗ ಮೈಯನ್ನೇ ಬಳಸಿ ತರಗೆಲೆ ಎಳೆದು ಗುಡ್ಡೆ ಹಾಕಿ ಮೊಟ್ಟೆಯಿಟ್ಟು ಕಾಯುತ್ತದೆ. ಲೋಕದಲ್ಲಿ ಹೀಗೆ ಎಲೆಗೂಡು ಕಟ್ಟುವ ಹಾವು ಕಾಳಿಂಗ ಮಾತ್ರ. ಮನೆಗೆ ಬಂದ ಕಾಳಿಂಗನನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಅದು ನೆಲೆ ಸಿಗದೆ ಸುತ್ತಿ ಸುತ್ತಿ ಬಳಲುತ್ತದೆ ಎಂಬುದೂ ಇಲ್ಲಿನ ಅಧ್ಯಯನದಿಂದ ತಿಳಿಯಿತು. ‘ದೂರ ಬಿಟ್ಟು ಬನ್ನಿ’ ಎಂದು ಒತ್ತಾಯಿಸುವವರು ಇದನ್ನು ಗಮನಿಸಬೇಕು. ಈ ಕೇಂದ್ರದಲ್ಲಿ ದುಡಿದಿದ್ದ ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ಪಶ್ಚಿಮಘಟ್ಟದ ಕಾಳಿಂಗವೇ ಬೇರೆ ಪ್ರಭೇದವೆಂದು ತೋರಿಸಿ, ಅದರ ವೈಜ್ಞಾನಿಕ ಹೆಸರಿನಲ್ಲಿ ಕನ್ನಡದ ‘ಕಾಳಿಂಗ’ವನ್ನೇ ಇಟ್ಟರು.

ಹಾವನ್ನು ಇಷ್ಟು ಪ್ರೀತಿಸಿದವರು ಹಾವು ಕಚ್ಚಿ ಸಾಯುವವರನ್ನು ಮರೆಯಲಿಲ್ಲ. ‘ಒನ್ ಮಿಲಿಯನ್ ಸ್ನೇಕ್ ಬೈಟ್ಸ್’ ಎಂಬ ಚಿತ್ರ ಅವರು ಆ ಸಂಕಟಕ್ಕೇ ಮೀಸಲಿಟ್ಟದ್ದು. ಅವರೂ ಪಾಲ್ಗೊಂಡ 2020ರ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಹೆಚ್ಚಿನವರು ಹಳ್ಳಿಯವರು, ಹೊಲಗದ್ದೆಯಲ್ಲಿ ದುಡಿಯುವವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಅಧಿಸೂಚಿಸಿದೆ. ನಾವು ಮಾಡಬೇಕಾದ್ದೂ ಇದೆ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಅಂಗಳಕ್ಕಿಳಿಯಬೇಡಿ. ಯಾರಿಗಾದರೂ ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಮಂತ್ರ, ನಾಟಿಮದ್ದು ಎಂದು ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು, ಪ್ರತಿವಿಷ ಸಿಗುವ ಹತ್ತಿರದ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.