ಕೊಬ್ಬರಿಯ ಮೇಲೆ ಬಿದ್ದ ದೂರು

'ಡಾಕ್ಟ್ರು ಕಾಯಿ ಕಮ್ಮಿ ಮಾಡಿ ಅಂದವ್ರೆ' ಎಂಬ ಮಾತು ಈಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲೂ ಕಿವಿಗೆ ಬೀಳುತ್ತದೆ. ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ, ಹೆಚ್ಚುಕಡಿಮೆ ಒಂದು ವರ್ಷ ಕಾದು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪು ಬಿಟ್ಟು ಗಡಗಡ ಅಲ್ಲಾಡಿದ ಮೇಲೆ ಸುಲಿದು ಉಂಡೆ ಕೊಬ್ಬರಿ ತೆಗೆಯುವ ಸೀಮೆಯಿದು. ಇಲ್ಲಿನವರೂ ಕಾಯಿಗೆ ಅಂಜುವಂತೆ ಮಾಡಿದ ಹೆದರಿಕೆಯ ಬೇರು ದೂರದ ಅಮೆರಿಕದಲ್ಲಿದೆ. ಅಲ್ಲಿ ಕೊಬ್ಬರಿ ಎಣ್ಣೆಯ ಮೇಲೆ ಮೊದಲು ದೂರು ಹೊತ್ತು ಬಂದವರು ವೈದ್ಯರಲ್ಲ, ಹೈನುಗಾರರು ಮತ್ತು ಹತ್ತಿ ಬೆಳೆಗಾರರು.

1930ರ ದಶಕದ ಆರಂಭದಲ್ಲಿ ಅಮೆರಿಕನ್ನರು ಬೆಣ್ಣೆಯ ಬದಲು ತಿನ್ನುತ್ತಿದ್ದ ಮಾರ್ಗರೀನ್‌ನಲ್ಲಿ ಕೊಬ್ಬರಿ ಎಣ್ಣೆಯದೇ ದೊಡ್ಡ ಪಾಲು. ಕೊಬ್ಬರಿ ಬರುತ್ತಿದ್ದುದು ಅವರದೇ ಆಳ್ವಿಕೆಯಲ್ಲಿದ್ದ ಫಿಲಿಪ್ಪೀನ್ಸ್‌ನಿಂದ. ಆರ್ಥಿಕ ಮಹಾಕುಸಿತದಲ್ಲಿ ಬೆಣ್ಣೆ, ಹತ್ತಿಬೀಜದ ಬೆಲೆ ನೆಲಕಚ್ಚಿದಾಗ ಸಿಟ್ಟೆಲ್ಲ ಈ ಎಣ್ಣೆಯ ಮೇಲೆ ತಿರುಗಿತು. 1934ರಲ್ಲಿ ಅಲ್ಲಿನ ಸಂಸತ್ತು ಪೌಂಡಿಗೆ 3 ಸೆಂಟ್ ತೆರಿಗೆ ಹೇರಿತು. ಬೇರೆ ದೇಶದ ಸರಕಾದರೆ ಇನ್ನೂ 2 ಸೆಂಟ್. 1942ರಲ್ಲಿ ಫಿಲಿಪ್ಪೀನ್ಸ್ ಜಪಾನೀಯರ ಕೈಸೇರಿ ಕೊಬ್ಬರಿ ಬರುವುದೇ ನಿಂತಿತು. ಆ ಜಾಗಕ್ಕೆ ಬಂದ ಹತ್ತಿಬೀಜದ ಎಣ್ಣೆ, ಸೋಯಾ ಎಣ್ಣೆಗಳು ಯುದ್ಧ ಮುಗಿದ ಮೇಲೂ ಜಾಗ ಬಿಟ್ಟುಕೊಡಲಿಲ್ಲ. ಇಲ್ಲಿಯವರೆಗೆ ಇದು ಬೆಲೆಯ ಜಗಳ.

ಹೃದಯದ ಮಾತು ಮನೆಮಾತಾದದ್ದು 1955ರ ಸೆಪ್ಟೆಂಬರ್ 24ರಂದು ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಡೆನ್ವರ್‌ನಲ್ಲಿ ಹೃದಯಾಘಾತವಾದ ಮೇಲೆ. ಸೋಮವಾರ ಷೇರುಪೇಟೆ ತೆರೆದಾಗ ಸೂಚ್ಯಂಕ ಶೇ 6ಕ್ಕೂ ಹೆಚ್ಚು ಕುಸಿಯಿತು. ವೈದ್ಯ ಪಾಲ್ ಡಡ್ಲಿ ವೈಟ್ ಪತ್ರಕರ್ತರ ಮುಂದೆ ಕುಳಿತು ಕಾಯಿಲೆಯನ್ನು ದೇಶಕ್ಕೇ ಬಿಡಿಸಿ ಹೇಳಿದರು. ಮಿನ್ನೆಸೋಟಾದ ವಿಜ್ಞಾನಿ ಆನ್ಸೆಲ್ ಕೀಸ್, ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ರಕ್ತದ ಕೊಲೆಸ್ಟರಾಲ್ ಏರಿಸುತ್ತದೆ ಎಂದು ಲೆಕ್ಕ ಸಮೇತ ವಾದಿಸುತ್ತಿದ್ದ ಕಾಲ ಅದು. 1961ರ ಜನವರಿಯಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅಂಥ ಕೊಬ್ಬು ಕಡಿಮೆ ಮಾಡಿ, ಅದರ ಬದಲು ಸೋಯಾದಂಥ ಎಣ್ಣೆ ಬಳಸಿ ಎಂದಿತು. ಅಷ್ಟರಲ್ಲಿ ಅಮೆರಿಕದಲ್ಲಿ ಸೋಯಾ ಮಿಗುತ್ತಿತ್ತು. ಮಿಕ್ಕ ಬೆಳೆಯನ್ನು ಹೊರದೇಶಗಳಿಗೆ ಸಾಗಿಸಲೆಂದು ಐಸೆನ್‌ಹೋವರ್ 1954ರಲ್ಲಿ ಸಹಿ ಹಾಕಿದ್ದ ಪಿಎಲ್ 480 ಕಾಯ್ದೆಯಡಿ ಗೋಧಿಯ ಬೆನ್ನಿಗೆ ಸೋಯಾ ಎಣ್ಣೆಯೂ ಭಾರತಕ್ಕೆ ಬಂತು.

ಕೀಸ್ ಹೇಳಿದ್ದರಲ್ಲಿ ಹುರುಳಿದೆ. ಕೊಬ್ಬರಿ ಎಣ್ಣೆಯ ಶೇ 80ಕ್ಕೂ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬು. ಅದು ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ ಎಂಬುದು ನಂತರದ ಪ್ರಯೋಗಗಳಲ್ಲೂ ನಿಂತ ಮಾತು. ತೆಂಗಿನ ಮೇಲಿನ ಅಭಿಮಾನಕ್ಕೆ ಅದನ್ನು ಅಲ್ಲಗಳೆಯುವುದು ನಮ್ಮ ಜನಕ್ಕೇ ಮಾಡುವ ಅನ್ಯಾಯ. ಆದರೆ ವ್ಯಾಪಾರ ಆ ವಿಜ್ಞಾನದ ಹೆಗಲೇರಿದ್ದೂ ಅಷ್ಟೇ ನಿಜ. 1980ರ ದಶಕದಲ್ಲಿ ಅಮೆರಿಕದ ಸೋಯಾ ಬೆಳೆಗಾರರ ಸಂಘವೇ ತಾಳೆ, ಕೊಬ್ಬರಿ ಎಣ್ಣೆಗಳ ವಿರುದ್ಧ ಪ್ರಚಾರಕ್ಕಿಳಿಯಿತು. ಬಿಸ್ಕತ್ತು ಕಂಪನಿಗಳು ಆ ಎಣ್ಣೆಗಳನ್ನು ಕೈಬಿಟ್ಟು, ಅರೆಬರೆ ಹೈಡ್ರೋಜನೀಕರಿಸಿದ ಸೋಯಾ ಎಣ್ಣೆ ಹಿಡಿದವು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಇನ್ನೂ ಕೆಡುಕು ಎಂದು 1990ರ ದಶಕದಲ್ಲಿ ಗೊತ್ತಾಯಿತು; 2015ರಲ್ಲಿ ಅಲ್ಲಿನ ಸರ್ಕಾರವೇ ಅಂಥ ಎಣ್ಣೆಯನ್ನು ಆಹಾರದಿಂದ ತೆಗೆಯಲು ಆದೇಶಿಸಿತು.

ಇಷ್ಟೆಲ್ಲ ನಡೆದದ್ದು ಎಣ್ಣೆಯ ಸುತ್ತ. ತಿಪಟೂರಿನ ಉಂಡೆ ಕೊಬ್ಬರಿ ಹೆಚ್ಚಾಗಿ ಗಾಣಕ್ಕೆ ಹೋಗುವುದಿಲ್ಲ. ಉತ್ತರ ಭಾರತದಲ್ಲಿ ಒಣಹಣ್ಣುಗಳ ಜೊತೆ ಮಾರಾಟವಾಗುತ್ತದೆ. ಇಲ್ಲಿನವರು ಕಾಯಿಯನ್ನು ಸಾರಿಗೆ ರುಬ್ಬುತ್ತಾರೆ, ಕರಿಯುವುದಕ್ಕೆ ಬೇರೆ ಎಣ್ಣೆ ಬಳಸುತ್ತಾರೆ. ಹಸಿ ಕಾಯಿ ತುರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬು, ಉಳಿದದ್ದರಲ್ಲಿ ನೀರೇ ಹೆಚ್ಚು. ಒಣ ಕೊಬ್ಬರಿಯಲ್ಲಿ ಅದೇ ಕೊಬ್ಬು ಶೇ 60 ದಾಟುತ್ತದೆ. ಕಾಯಿ ಕಮ್ಮಿ ಮಾಡಿ ಎಂದಾಗ ಚಟ್ನಿಯ ತುರಿಯೋ, ಚಟ್ನಿಪುಡಿಯ ಕೊಬ್ಬರಿಯೋ, ಎಷ್ಟು ಅಂತ ನಮ್ಮ ಜನ ಡಾಕ್ಟರನ್ನು ಧೈರ್ಯವಾಗಿ ಕೇಳಬೇಕು.